ನನ್ನ ಬೆನ್ನನ್ನು ಗುರುತಿಸಿದವರು

ನನ್ನ ಬೆನ್ನನ್ನು ನಾನು ಮೊದಲ ಸಲ ನೋಡಿದ್ದು ನಂಜನಗೂಡಿನಲ್ಲಿ, ಒಂದು ಟೀವಿಯೊಳಗೆ. ನೋಡಿದ ಕೂಡಲೇ ಅದು ನನ್ನದಲ್ಲ ಎಂದು ತಕರಾರು ಹೂಡಿದೆ. ಆಗ ನನಗೆ ಐವತ್ತು ದಾಟಿತ್ತು. ಅಷ್ಟು ಕಾಲ ನನ್ನ ಜೊತೆಯಲ್ಲೇ ಬಾಳಿದ, ನನ್ನ ಅಂಗಿಯನ್ನೇ ತೊಟ್ಟ ಸ್ವಂತ ಸ್ವತ್ತನ್ನು ಗುರುತಿಸಲಾರದೆ ಹೋದೆ ಎಂದರೆ ಓದುವವರು ನಕ್ಕಾರು. ನಗುವ ಮೊದಲು ತಮ್ಮ ತಮ್ಮ ಬೆನ್ನಿನ ಚೆಕ್ಕುಬಂದಿಯನ್ನು ಒಮ್ಮೆ ಹೇಳಿಬಿಡಲಿ. ಉತ್ತರಕ್ಕೆ ಕತ್ತು, ದಕ್ಷಿಣಕ್ಕೆ ಉಡಿದಾರ, ಪೂರ್ವಕ್ಕೂ ಪಶ್ಚಿಮಕ್ಕೂ ಒಂದೊಂದು ತೋಳು. ಸರಿ, ಇದರ ಮಧ್ಯೆ ಇರುವುದೇನು? ಸ್ವಾಧೀನದಲ್ಲಿದೆ, ಅನುಭವದಲ್ಲಿದೆ, ಕಣ್ಣಾರೆ ಕಂಡವರು ಮಾತ್ರ ಇಲ್ಲ.

ನಾನು ಟಿ. ನರಸೀಪುರದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಮನೆಯ ಜಗಲಿಯಲ್ಲಿ ಕೂತು ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ಬರೆಯುತ್ತಿದ್ದವನು. ಇಸವಿ ಎರಡು ಸಾವಿರ ಆಗತಾನೇ ದಾಟಿತ್ತು. ಕಚೇರಿಯೊಳಕ್ಕೆ ಕಂಪ್ಯೂಟರು ಇನ್ನೂ ಬಂದಿರಲಿಲ್ಲ. ಬಂದೀತೆಂಬ ಗುಮಾನಿ ಮಾತ್ರ ಬಂದಿತ್ತು. ಗುಮಾನಿ ನಮ್ಮ ಕಸುಬಿಗೆ ಹೊಸದಲ್ಲ, ಅದೇ ನಮ್ಮ ಬಂಡವಾಳ. ಎದುರಿಗೆ ಬಂದು ಕೂತವನು ತಾನು ಇಂಥವನ ಮಗ ಇಂಥವನು ಎಂದರೆ ನಮಗೆ ಸಾಲದು. ಅವನನ್ನು ಬಲ್ಲ ಇಬ್ಬರು ಬಂದು, ಹೌದು, ಇವನೇ ಅವನು ಎಂದು ರುಜು ಹಾಕಬೇಕು. ತನ್ನ ಬಗ್ಗೆ ಅವನಿಗೆ ಎಷ್ಟೇ ಖಾತ್ರಿ ಇದ್ದರೂ ಅವನ ಮಾತು ಅವನಿಗೇ ಸಾಕ್ಷಿಯಾಗಲಾರದು. ಈ ತತ್ತ್ವವನ್ನು ನಾನು ಕಚೇರಿಯ ಹೊರಗೂ ಪಾಲಿಸುತ್ತಿದ್ದೆ ಎಂಬುದು ನನ್ನ ಹೆಂಡತಿಯ ದೂರು.

ಜಗಲಿಯಲ್ಲಿ ಎರಡು ಚಾಪೆಗಳಿದ್ದವು. ಮೆಟ್ಟಿಲ ಪಕ್ಕದ ಮುಂದಿನ ಚಾಪೆ ನನ್ನದು. ಬಸ್‌ಸ್ಟ್ಯಾಂಡಿನಿಂದ ಬರುವ ಜನ ಮೊದಲು ಕಾಣುವುದು ನನ್ನನ್ನೇ. ನನ್ನ ಹಿಂದೆ, ಬಲಗಡೆಗೆ, ಗೋಡೆಯ ಮೂಲೆಯಲ್ಲಿ ಇನ್ನೊಬ್ಬ ಬರಹಗಾರನ ಚಾಪೆ. ಸೋಸಲೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ. ಅವನನ್ನು ಹಿಂದಿನ ಚಾಪೆಯವನು ಎಂದೇ ಕರೆಯುತ್ತೇನೆ; ಅವನೂ ಮನಸ್ಸಿನೊಳಗೆ ತನ್ನನ್ನು ಹಾಗೇ ಕರೆದುಕೊಂಡು ಕೊರಗುತ್ತಿದ್ದ. ಜಗಲಿಗೆ ಒಂದು ಅಲಿಖಿತ ಕಾನೂನಿತ್ತು. ಮುಂದಿನ ಚಾಪೆಯವನು ಮೈ ಸರಿಯಿಲ್ಲವೆಂದು ಚಾಪೆ ಸುತ್ತಿಟ್ಟು ಕೆಲವು ದಿನ ಬಾರದೆ ಹೋದರೆ ಹಿಂದಿನವನು ಮುಂದಕ್ಕೆ ಸರಿಯಬಹುದು. ಸರಿದವನು ಮತ್ತೆ ಹಿಂದಕ್ಕೆ ಹೋಗುವುದಿಲ್ಲ. ನಾನು ಮುಂದಕ್ಕೆ ಬಂದದ್ದೂ ಹಾಗೆಯೇ, ನನಗಿಂತ ಮೊದಲು ಕೂತಿದ್ದ ಹಿರಿಯರಿಗೆ ಕಣ್ಣಿನ ಪೊರೆ ಬಂದಾಗ.

ಇಂಥ ಜಾಗದಲ್ಲಿ ಕೂತವನಿಗೆ ಕತ್ತುನೋವು ಬಂತು. ಮೊದಲು ಕತ್ತು, ಅಲ್ಲಿಂದ ಬಲಭುಜ, ಆಮೇಲೆ ನಡುಬೆನ್ನು. ವರ್ಷಗಟ್ಟಲೆ ಇತ್ತು. ಮಾತ್ರೆ ನುಂಗಿದೆ, ಕತ್ತಿಗೆ ಪಟ್ಟಿ ಕಟ್ಟಿಕೊಂಡೆ. ಪಟ್ಟಿಯನ್ನು ಕಂಡ ದಿನ ಹಿಂದಿನ ಚಾಪೆಯವನು ಕಾಫಿ ತರಿಸಿಕೊಟ್ಟ. ಹಿಂದೆಂದೂ ಅವನು ಕಾಫಿ ಕೊಡಿಸಿದವನಲ್ಲ. ಮರುದಿನದಿಂದ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಬಂದೆ.

"ಏನ್ ಸ್ವಾಮಿ, ಪಟ್ಟಿ ಬಿಚ್ಚಾಕ್ಬುಟ್ರಿ? ನೋವು ವೋಯ್ತಾ?" ಎಂದ.

"ಹೋಯ್ತು ಕಣಯ್ಯ."

"ಮತ್ಯಾಕೆ ಮಖ ಇಂಗ್ ಕಿವುಚ್ಕೊಂಡಿದ್ದೀರಿ?"

"ಇದು ನನ್ನ ಸ್ವಂತ ಮುಖ."

ಹೀಗಿರುವಾಗ ಬನ್ನೂರಿನ ಅಕ್ಕಿ ಗಿರಣಿಯವರೊಬ್ಬರು ಪತ್ರ ಬರೆಸಲು ಬಂದವರು, ನಾನು ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿದ್ದನ್ನು ನೋಡಿ, ನಂಜನಗೂಡಿಗೆ ಹೋಗಿ ಎಂದರು. ಅಲ್ಲಿ ಮೈಸೂರಿನಲ್ಲಿ ಓದಿದ ಒಬ್ಬ ಹುಡುಗಿ ಫಿಸಿಯೋಥೆರಪಿ ಮಾಡುತ್ತಾಳಂತೆ. "ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಟೀವೀಲಿ ತೋರ್ಸಿ ವಾಸಿ ಮಾಡ್ತಾರೆ ಕಣ್ರೀ" ಎಂದರು. ಟೀವಿಯಲ್ಲಿ ತೋರಿಸಿ ಮಾರುವವರನ್ನು ಕೇಳಿದ್ದೆ, ವಾಸಿ ಮಾಡುವವರನ್ನು ಕೇಳಿರಲಿಲ್ಲ. ಆದರೂ ಹೋದೆ. ಭಾನುವಾರ ಹೋದೆ, ಭಾನುವಾರ ಕಚೇರಿಗೆ ರಜ, ಚಾಪೆಗೆ ಅಪಾಯವಿಲ್ಲ.

ನರಸೀಪುರದಿಂದ ನಂಜನಗೂಡಿಗೆ ಬಸ್ಸು ಕಬ್ಬಿನ ಗಾಡಿಗಳ ಹಿಂದೆ ತೆವಳಿಕೊಂಡು, ಸಿಕ್ಕಿದ ಹಳ್ಳಗಳನ್ನೆಲ್ಲ ಒಂದೂ ಬಿಡದೆ ಮಾತಾಡಿಸಿಕೊಂಡು ಹೋಗುತ್ತದೆ. ಬೆನ್ನಿಗೆ ಚಿಕಿತ್ಸೆ ಮಾಡುವವರು ಆ ರಸ್ತೆಯ ಕೊನೆಯಲ್ಲಿ ಅಂಗಡಿ ಇಟ್ಟಿರುವುದು ಆಕಸ್ಮಿಕವೇ ಎಂಬುದು ನನ್ನ ಮೊದಲ ಸಂದೇಹ.

ಎರಡನೆಯ ಸಂದೇಹ ಹೋಗಿ ಇಳಿದ ಮೇಲೆ ಬಂತು. ಡಾಕ್ಟರಮ್ಮನ ಕೋಣೆ ಇದ್ದದ್ದು ಒಂದು ವಿಡಿಯೋ ಸ್ಟುಡಿಯೋದ ಮಹಡಿಯ ಮೇಲೆ. ಆ ಸ್ಟುಡಿಯೋವನ್ನು ನಾನು ಬಲ್ಲೆ. ನನ್ನ ಮಗಳ ಮದುವೆಯ ಕ್ಯಾಸೆಟ್ಟು ಮಾಡಿಕೊಟ್ಟವರು ಅವರೇ. ಅದರಲ್ಲಿ ಧಾರೆಯಾದ ಕೂಡಲೇ, ನಮ್ಮ ಬೀಗರು ಕೈ ತೊಳೆಯಲು ಏಳುವ ಹೊತ್ತಿಗೆ ಸರಿಯಾಗಿ, ಚಿಕ್ಕಯ್ಯನಛತ್ರದ ಕಡೆಯ ಯಾವುದೋ ಮದುವೆಯ ಒಬ್ಬ ದಪ್ಪ ಮನುಷ್ಯ ಬಂದು ಕೂತು ಬಹಳ ಹೊತ್ತು ಹೋಳಿಗೆ ತಿನ್ನುತ್ತಾನೆ. ಅವನು ಯಾರೆಂದು ಎರಡೂ ಕಡೆಯವರಿಗೆ ಗೊತ್ತಿಲ್ಲ. ಅವನನ್ನು ಬೀಗರ ಕಡೆಯವನೆಂದು ನಾವು, ನಮ್ಮ ಕಡೆಯವನೆಂದು ಬೀಗರು, ವರ್ಷಾನುಗಟ್ಟಲೆ ಗೌರವದಿಂದಲೇ ನೋಡಿದ್ದೇವೆ. ಡಾಕ್ಟರಮ್ಮ ಕ್ಯಾಮೆರಾ ಟೀವಿಗಳನ್ನು ತಂದಿದ್ದು ಈ ಸ್ಟುಡಿಯೋದಿಂದಲೇ, ಬಾಡಿಗೆಗೆ.

ಆಕೆಗೆ ನನ್ನ ಮಗಳಿಗಿಂತ ಕಡಿಮೆ ವಯಸ್ಸು. ಅಂಗಿ ಬಿಚ್ಚಿಸಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಹಿಂದೆ ಮೂರು ಕಾಲಿನ ಮೇಲೆ ಕ್ಯಾಮೆರಾ, ಮುಂದೆ ಟೀವಿ. ಟೀವಿಯಲ್ಲಿ ಒಬ್ಬ ಮುದುಕನ ಬೆನ್ನು ಬಂತು. ಬಲಭುಜ ಮಳೆಗೆ ಕುಸಿದ ಪಾಗಾರದ ಹಾಗೆ ಇಳಿದಿತ್ತು, ಕತ್ತು ಬಲಕ್ಕೆ ವಾಲಿಕೊಂಡಿತ್ತು.

"ಯಾರಮ್ಮ ಇವರು, ಪಾಪ?" ಎಂದೆ.

"ನೀವೇ ಅಂಕಲ್."

"ನಾನು ನೆಟ್ಟಗೆ ಕೂತಿದ್ದೀನಿ."

"ನೆಟ್ಟಗೆ ಕೂತಿದ್ದೀನಿ ಅಂತ ನಿಮಗೆ ಅನ್ನಿಸ್ತಿದೆ. ನೋವೂ ಅಲ್ಲೇ ಇರೋದು. ಬೆನ್ನು ನಮಗೆ ಕಾಣ್ಸಲ್ಲ ನೋಡಿ, ಅದಕ್ಕೇ ಮನಸ್ಸಿನೊಳಗೆ ಅದರ ನಕ್ಷೆ ಮಸುಕಾಗಿಬಿಡತ್ತೆ. ಕಣ್ಣಲ್ಲಿ ನೋಡ್ತಾ ನೋಡ್ತಾ ಆಡಿಸಿದ್ರೆ ನಕ್ಷೆ ಸರಿ ಹೋಗತ್ತೆ, ನೋವೂ ಕಮ್ಮಿ ಆಗತ್ತೆ."

ನಕ್ಷೆ ಎಂಬ ಮಾತು ಕೇಳಿ ನನ್ನ ಕಿವಿ ನಿಮಿರಿತು. ನಕ್ಷೆಯನ್ನು ತಿದ್ದಿ ಜಮೀನನ್ನು ಬದಲಾಯಿಸಿದವರನ್ನು ನಾನು ಬೇಕಾದಷ್ಟು ಕಂಡಿದ್ದೆ. ವಾಸಿಯಾಗಿದ್ದನ್ನು ಕಂಡಿರಲಿಲ್ಲ.

"ಇದು ಕ್ಯಾಸೆಟ್ಟಲ್ಲ ಅನ್ನೋದಕ್ಕೇನು ಆಧಾರ?" ಎಂದೆ.

ಆಕೆ ನಗಲಿಲ್ಲ. ಅದಕ್ಕಾಗಿ ಆಕೆಯ ಮೇಲೆ ನನಗೆ ಇಂದಿಗೂ ಗೌರವ. "ಎಡಗೈ ಎತ್ತಿ ನೋಡಿ" ಎಂದರು. ಎತ್ತಿದೆ. ಮುದುಕನೂ ಎತ್ತಿದ. ತಕ್ಷಣ ಇಳಿಸಿದೆ, ಇಳಿಸಿದ. ಎತ್ತುವ ಹಾಗೆ ಮಾಡಿ ಎತ್ತದೇ ಬಿಟ್ಟೆ. ಅವನೂ ಮೋಸ ಹೋಗಲಿಲ್ಲ. ಕ್ಯಾಸೆಟ್ಟಿನ ವಾದ ಅಲ್ಲಿಗೆ ಬಿದ್ದುಹೋಯಿತು. ಆದರೆ ಒಂದು ವಾದ ಬಿದ್ದ ಮಾತ್ರಕ್ಕೆ ಮೊಕದ್ದಮೆ ಮುಗಿಯುವುದಿಲ್ಲ. ಆ ಸ್ಟುಡಿಯೋದ ಕ್ಯಾಮೆರಾ ತೆಳ್ಳಗಿದ್ದ ನನ್ನ ಷಡ್ಡಕನನ್ನು ಮದುವೆಯಲ್ಲಿ ಗುಡಾಣದ ಹಾಗೆ ತೋರಿಸಿತ್ತು. ಕೈ ನನ್ನದಿರಬಹುದು, ಕುಸಿತ ಕ್ಯಾಮೆರಾದ್ದು ಎಂದೆ.

"ಅಂಕಲ್, ನಿಮ್ಮದು ಕೂತು ಮಾಡೋ ಕೆಲಸ" ಎಂದರು ಡಾಕ್ಟರಮ್ಮ, ಈಗ ಸ್ವಲ್ಪ ಗಟ್ಟಿಯಾಗಿ. "ಭುಜ ಹೀಗೇ ಇಳೀತಾ ಹೋದ್ರೆ ನೆಲದ ಮೇಲೆ ಕೂತು ಬರೆಯೋದನ್ನ ಬಿಟ್ಟೇಬಿಡಬೇಕಾಗತ್ತೆ. ನೀವು ಅದು ನಿಮ್ಮ ಬೆನ್ನು ಅಂತ ಒಪ್ಪದೇ ಇದ್ರೆ ನಾನೇನೂ ಮಾಡಕ್ಕಾಗಲ್ಲ. ನಿಮ್ಮ ಬೆನ್ನು ನೋಡಿರೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ."

ಬೇಸರದಿಂದ ಆಡಿದ ಮಾತು. ನನಗೆ ಮಾತ್ರ ಅದು ಆ ಕೋಣೆಯಲ್ಲಿ ಕೇಳಿದ ಮೊದಲ ಕಾನೂನುಬದ್ಧ ಮಾತಾಗಿ ಕೇಳಿಸಿತು. ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಚಾಪೆಯದೇ ಯೋಚನೆ. ಬರೆಯುವುದನ್ನು ಬಿಟ್ಟ ನಾನು, ಮೆಟ್ಟಿಲ ಪಕ್ಕ ಕೂತು ಜನರನ್ನು "ಬನ್ನಿ ಬನ್ನಿ" ಎಂದು ಕರೆಯುತ್ತಿರುವ ಅವನು. ಹಳ್ಳಗಳು ಬಂದದ್ದೂ ತಿಳಿಯಲಿಲ್ಲ.

ಗುರುತಿಸಲು ಇಬ್ಬರು ಬೇಕು. ಒಬ್ಬಳು ನನ್ನ ಹೆಂಡತಿ, ಹಬ್ಬ ಹಬ್ಬಕ್ಕೂ ಈ ಬೆನ್ನಿಗೆ ಎಣ್ಣೆ ತಿಕ್ಕಿದವಳು. ಆದರೆ ಹೆಂಡತಿಯ ಸಾಕ್ಷಿ ಮನೆಯ ಸಾಕ್ಷಿ, ತೂಕ ಕಡಿಮೆ. ಎರಡನೆಯವರು ಯಾರು? ದಿನವೂ ಬೆಳಗಿನಿಂದ ಸಂಜೆಯವರೆಗೆ ನನ್ನ ಬೆನ್ನನ್ನು ನೋಡುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ಹಿತಾಸಕ್ತಿಯುಳ್ಳವನು, ನನ್ನ ಬೆನ್ನು ಕೆಟ್ಟರೆ ಲಾಭ ಅವನಿಗೇ. ಆದರೆ ಈ ಎರಡು ವಿರುದ್ಧ ಪಕ್ಷದವರು ಒಂದೇ ಮಾತು ಹೇಳಿದರೆ ಯಾವ ಕೋರ್ಟೂ ತಳ್ಳಿಹಾಕುವಂತಿಲ್ಲ. ಹೀಗೆಂದು ಸಮಾಧಾನ ಮಾಡಿಕೊಂಡು ಅವನನ್ನು ಕೇಳಿದೆ.

"ನಿಮ್ ಬೆನ್ನ ಗುರುತಿಸಕ್ಕಾ?" ಎಂದು ಅವನು ಪೆನ್ನು ಕೆಳಗಿಟ್ಟ. "ದೇವ್ರಾಣೆ ಬತ್ತೀನಿ ಸ್ವಾಮಿ. ಯಾವತ್ತು?"

"ಭಾನುವಾರ. ಮಸಾಲೆ ದೋಸೆ ನನ್ನ ಲೆಕ್ಕ."

"ದೋಸೆ ಇಲ್ದಿದ್ರೂ ಬತ್ತಿದ್ದೆ" ಎಂದ. ಆ ಉತ್ಸಾಹವೇ ನನಗೆ ಹಿಡಿಸಲಿಲ್ಲ.

ಮುಂದಿನ ಭಾನುವಾರ ನಾವು ಮೂವರೂ ಆ ಮಹಡಿ ಹತ್ತಿದೆವು. ನಾನು ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕೂತೆ. ಸಾಕ್ಷಿಗಳಿಬ್ಬರೂ ಟೀವಿಯ ಪಕ್ಕದ ಬೆಂಚಿನಲ್ಲಿ ಕೂತರು. ನನ್ನ ಅಸಲು ಬೆನ್ನು ಅವರಿಗೆ ಕಾಣುವಂತಿರಲಿಲ್ಲ. ಅಷ್ಟು ಎಚ್ಚರಿಕೆಯನ್ನು ನಾನೇ ವಹಿಸಿದ್ದೆ. ಟೀವಿಯಲ್ಲಿ ಆ ಮುದುಕ ಬಂದ.

ಹೆಂಡತಿ ಕನ್ನಡಕ ಏರಿಸಿದಳು. "ಎಡಗಡೆ ರೆಕ್ಕೆ ಮೂಳೆ ಕೆಳಗೆ ಸ್ವಲ್ಪ ಹತ್ರ ತೋರ್ಸಮ್ಮ."

ಡಾಕ್ಟರಮ್ಮ ಕ್ಯಾಮೆರಾದಲ್ಲಿ ಚಿತ್ರ ಹಿಗ್ಗಿಸಿದರು. ಅಲ್ಲಿ ಹುಣಿಸೆಬೀಜದಷ್ಟು ಒಂದು ಮಚ್ಚೆ.

"ಇವರದೇ" ಎಂದಳು ಹೆಂಡತಿ.

"ನನಗೆ ಮಚ್ಚೆ ಇದೆಯೇ?" ಎಂದು ನಾನು ಕೂತಲ್ಲೇ ಬೆಚ್ಚಿದೆ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರಾ? ಎಣ್ಣೆ ಹಚ್ಚುವಾಗ ಇನ್ನೂ ಮೇಲೆ, ಇನ್ನೂ ಕೆಳಗೆ, ಗಟ್ಟಿಯಾಗಿ ಅಂತಿದ್ರೇ ಹೊರತು ಅಲ್ಲೇನಿದೆಯೇ ಅಂತ ಒಂದು ದಿನ ಕೇಳಿದ್ರಾ?"

ಇನ್ನು ಹಿಂದಿನ ಚಾಪೆಯವನ ಸರದಿ. ಅವನು ಪತ್ರ ಓದಿ ಹೇಳುವಾಗ ಮಾಡುವಂತೆ ಗಂಟಲು ಸರಿಮಾಡಿಕೊಂಡ.

"ಇದೇ ಬೆನ್ನು ಕಣಮ್ಮ. ಇನ್ಯಾರ್ದು? ಬೆಳಗಾನಿಂದ ಸಂಜೆಗಂಟ ನಾನು ನೋಡದು ಇದ್ನೇ ಅಲ್ವಾ. ನೋಡಿ, ಬಲ್ಗಡೆ ಭುಜ ಯೆಂಗ್ ಕುಸ್ದದೆ."

"ಬರೆಯೋ ಕೈ ಅಲ್ವಾ, ಅದಕ್ಕೆ" ಎಂದರು ಡಾಕ್ಟರಮ್ಮ.

"ಬರ್ಯಕ್ಕಲ್ಲ ಕಣಮ್ಮ! ಬರ್ಯುವಾಗ ಕಂಬ ಇದ್ದಂಗೆ ನೆಟ್ಗೇ ಇರ್ತಾರೆ. ನನ್ತವ ಪತ್ರ ಬರ್ಸಕ್ಕೆ ಯಾರಾರ ಪಾರ್ಟಿ ಬಂದು ಕೂತ್ರು ಅನ್ನಿ, ಆಗ ಸುರು ಆಯ್ತದೆ. ಮೊದ್ಲು ಬಲ್ಗಿವಿ ಇಂದಕ್ಕೆ ಬತ್ತದೆ. ಆಮೇಕೆ ಕತ್ತು. ಆಮೇಕೆ ಭುಜ. ನಾನು ದನಿ ತಗ್ಗಿಸ್ದಂಗೆಲ್ಲ ಭುಜಾನೂ ತಗ್ತಾ ಬತ್ತದೆ. ಒಂದೊಂದ್ ಕಿತ ಬೇಕೂಂತ್ಲೇ ಪಿಸುಗುಟ್ಟಿದ್ದೀನಿ, ಎಲ್ಲಿಗಂಟ ಬತ್ತದೆ ನೋಡವಾ ಅಂತ."

ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮನೇಲೂ ಹೀಗೇ ಕಣಮ್ಮ. ನಾನು ಫೋನಲ್ಲಿ ತವರಿನೋರ ಹತ್ರ ಮಾತಾಡ್ತಿದ್ರೆ ಇವರ ಬಲಗಿವಿ ಅಡಿಗೆಮನೇಲಿರತ್ತೆ, ಮಿಕ್ಕಿದ್ದು ಪೇಪರ್ ಓದ್ತಿರತ್ತೆ."

ಡಾಕ್ಟರಮ್ಮ ಈಗ ನಕ್ಕರು. ಟೀವಿಯಲ್ಲಿ ಆ ಮುದುಕ ನೆಟ್ಟಗಾಗಲು ನೋಡುತ್ತಿದ್ದ.

ನಾನು ಈ ಸಾಕ್ಷ್ಯವನ್ನು ಒಪ್ಪಿದೆ ಎಂದು ಯಾರೂ ತಿಳಿಯಬಾರದು. ಬೆನ್ನು ನನ್ನದೆಂಬುದನ್ನು ಮಾತ್ರ ಒಪ್ಪಿದೆ. ಅದು ಕುಸಿದ ಕಾರಣದ ಬಗ್ಗೆ ಹಿಂದಿನ ಚಾಪೆಯವನು ಹೇಳಿದ್ದು ಪ್ರಶ್ನೆಗೆ ಹೊರತಾದ ಹೇಳಿಕೆ. ಅವನನ್ನು ಕರೆಸಿದ್ದು ಗುರುತಿಸಲು, ವಿವರಿಸಲು ಅಲ್ಲ. ಅಲ್ಲದೆ ಬೇಕೆಂದೇ ಪಿಸುಗುಟ್ಟುತ್ತಿದ್ದೆನೆಂದು ಅವನೇ ಒಪ್ಪಿಕೊಂಡ ಮೇಲೆ ನನ್ನ ಸಂಶಯ ನಿರಾಧಾರವಾಗಿರಲಿಲ್ಲ ಎಂದೇ ಆಯಿತಲ್ಲ?

"ಈಗ ಟೀವೀನೇ ನೋಡ್ತಾ ಮೆಲ್ಲಗೆ ಕತ್ತು ಎಡಕ್ಕೆ ತಿರುಗಿಸಿ" ಎಂದರು ಡಾಕ್ಟರಮ್ಮ. "ಆ ಭುಜ ನಿಮ್ಮದು. ಅದನ್ನ ನೀವೇ ಮೇಲಕ್ಕೆ ತನ್ನಿ."

ಮೇಲಕ್ಕೆ ತಂದೆ. ಟೀವಿಯಲ್ಲಿ ಭುಜ ಒಂದಿಷ್ಟು ಏರಿತು. ಕತ್ತು ಎಂದಿನ ಜಾಗದಲ್ಲಿ ಚುಚ್ಚೀತೆಂದು ಹಲ್ಲು ಕಚ್ಚಿಕೊಂಡೆ, ಚುಚ್ಚಲಿಲ್ಲ. ಆ ಜಾಗ ದಾಟಿ ಇನ್ನಷ್ಟು ತಿರುಗಿತು. ಕಣ್ಣು ಮುಚ್ಚಿಕೊಂಡು ಅದನ್ನೇ ಮತ್ತೊಮ್ಮೆ ಮಾಡಿದೆ, ಚುಚ್ಚಿತು. ಕಣ್ಣು ಬಿಟ್ಟು ನೋಡುತ್ತಾ ಮಾಡಿದರೆ ಇಲ್ಲ, ಮುಚ್ಚಿದರೆ ಉಂಟು. ನೋವಿಗೂ ನಾಚಿಕೆ ಇರುತ್ತದೆಯೇ? ಯಾರೂ ನೋಡದಾಗ ಮಾತ್ರ ಒಳಗೆ ಬಂದು ಕೈಯಾಡಿಸುವ ಕಳ್ಳನ ಹಾಗಿತ್ತು ಅದರ ನಡವಳಿಕೆ. ನೋವಿನ ಮೇಲೂ ನನಗೆ ಗುಮಾನಿ ಹುಟ್ಟಿದ್ದು ಅಂದೇ. ಇಷ್ಟು ವರ್ಷ ನಾನು ಡಾಕ್ಟರುಗಳನ್ನು, ಮಾತ್ರೆಗಳನ್ನು, ಹಿಂದಿನ ಚಾಪೆಯನ್ನು ಶಂಕಿಸಿದ್ದೆ. ನೋವು ಹೇಳಿದ್ದನ್ನು ಮಾತ್ರ ಪೂರಾ ನಂಬಿದ್ದೆ.

ಹೊರಡುವಾಗ ಡಾಕ್ಟರಮ್ಮ ಹೇಳಿದರು: "ದಿನಾ ಇಲ್ಲಿಗೆ ಬರಕ್ಕಾಗಲ್ವಲ್ಲ. ಕೂತು ಬರೆಯೋ ಕಡೆ ಎದುರಿಗೆ ಒಂದು ಕನ್ನಡಿ ಹಾಕ್ಕೊಳಿ. ಎರಡೂ ಭುಜ ಸಮ ಇದ್ಯಾ ಅಂತ ಆಗಾಗ ನೋಡ್ಕೊಳಿ. ಅಷ್ಟೇ."

ಹೆಂಡತಿ ಬಳೆ ಅಂಗಡಿಯಲ್ಲಿ ಒಂದು ಅಗಲವಾದ ಕನ್ನಡಿ ಆರಿಸಿದಳು. ಹಿಂದಿನ ಚಾಪೆಯವನು ದೋಸೆ ತಿಂದು, ಇನ್ನೊಂದನ್ನು ತರಿಸಿಕೊಂಡು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಕನ್ನಡಿಯನ್ನು ಒಡೆಯದಂತೆ ತೊಡೆಯ ಮೇಲಿಟ್ಟುಕೊಂಡು ಬಂದ. ತಾನು ಏನನ್ನು ಹೊತ್ತು ತರುತ್ತಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ.

ಸೋಮವಾರ ಬೆಳಗ್ಗೆ ಜಗಲಿಯ ಕಂಬಕ್ಕೆ, ನಾನು ಕೂತರೆ ಮುಖದ ಎತ್ತರಕ್ಕೆ ಬರುವಂತೆ, ಕನ್ನಡಿ ತೂಗುಹಾಕಿ ಕೂತೆ. ಎಡಭುಜ ಕಂಡಿತು. ಬಲಭುಜ ಕಂಡಿತು. ಬಲಭುಜದ ಮೇಲೆ, ಅಂಚೆಚೀಟಿಯೊಳಗಿನ ಚಿತ್ರದಷ್ಟು ಚೊಕ್ಕವಾಗಿ, ಹಿಂದಿನ ಚಾಪೆ ಕಂಡಿತು. ಅದರ ಮೇಲೆ ಅವನು, ಅವನ ಇಳಿಜಾರು ಮೇಜು, ಅವನ ಎದುರು ಕೂತ ಪಾರ್ಟಿ, ಪಾರ್ಟಿಯ ಕಿವಿಗೆ ಬಗ್ಗಿದ ಅವನ ಬಾಯಿ, ಬಾಯಿಯ ತುಟಿ. ಕತ್ತು ತಿರುಗಿಸುವ ಪ್ರಮೇಯವೇ ಇಲ್ಲ. ನಾನು ಕಂಬದ ಹಾಗೆ ನೆಟ್ಟಗೆ ಕೂತು ಇಡೀ ದಿನ ನೋಡಿದೆ.

ಕೆಲವು ವಾರಗಳಲ್ಲಿ ನೋವು ಇಳಿಯಿತು. ಅಲ್ಲೊಂದು ಇಲ್ಲೊಂದು ದಿನ ಮುಖ ತೋರಿಸಿ ಹೋಗುತ್ತಿತ್ತೇ ಹೊರತು ಮೊದಲಿನ ಹಾಗೆ ಬಂದು ಠಿಕಾಣಿ ಹೂಡುತ್ತಿರಲಿಲ್ಲ. ಮುಂದಿನ ಚಾಪೆ ಮುಂದೆಯೇ ಉಳಿಯಿತು. ನಂಜನಗೂಡಿಗೆ ಹೋದಾಗ ಡಾಕ್ಟರಮ್ಮನಿಗೆ ಪರಮ ಸಂತೋಷ.

"ಭುಜ ನೋಡ್ಕೋತಾ ಇದ್ರಾ ಅಂಕಲ್?"

"ಕನ್ನಡಿ ನೋಡ್ತಾ ಇದ್ದೆ ಕಣಮ್ಮ" ಎಂದೆ. ಸುಳ್ಳು ಹೇಳಲಿಲ್ಲ.

ಆಕೆ ನನ್ನ ಕಥೆಯನ್ನು ಬೇರೆ ರೋಗಿಗಳಿಗೆ ಹೇಳುತ್ತಿದ್ದರಂತೆ, ನರಸೀಪುರದ ಒಬ್ಬರು ಬರೀ ನೋಡಿಕೊಂಡೇ ವಾಸಿ ಮಾಡಿಕೊಂಡರು ಎಂದು. ನನ್ನ ಕತ್ತನ್ನು ವಾಸಿ ಮಾಡಿದ್ದು ನನ್ನ ಭುಜವೋ ಅವನ ತುಟಿಯೋ ಎಂಬುದನ್ನು ನಾನು ಇಂದಿಗೂ ನಿರ್ಧರಿಸಿಲ್ಲ. ಎರಡು ಕಡೆಯ ಸಾಕ್ಷ್ಯವೂ ಬಲವಾಗಿಯೇ ಇದೆ.

ಒಂದು ದಿನ ಕನ್ನಡಿಯೊಳಗೆ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು.

"ಭುಜ ನೋಡ್ಕತಿದ್ದೀರಾ ಸ್ವಾಮಿ?"

"ಹೂಂ ಕಣಯ್ಯ. ಡಾಕ್ಟರ ಅಪ್ಪಣೆ."

"ನಿಮ್ ಭುಜ ಶ್ಯಾನೆ ಇಂದ್ಗಡೆ ಇರಂಗದೆ" ಎಂದ.

ಅಂದಿನಿಂದ ಅವನು ಪಾರ್ಟಿಯ ಹತ್ತಿರ ಗುಟ್ಟು ಮಾತಾಡುವಾಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳತೊಡಗಿದ. ಪಾರ್ಟಿ ಎದುರಿಗೆ, ಮೇಜು ಎದುರಿಗೆ, ಕೈ ಎದುರಿಗೆ. ಬಾಯಿ ಮಾತ್ರ ಗೋಡೆಗೆ. ಒಂದು ಬೇಸಿಗೆ ಹೀಗೇ ಕಳೆಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಅವನು ಬಸ್ಸಿಳಿದು ಇಡೀ ಮೈಯನ್ನು ತಿರುಗಿಸಿಕೊಂಡು ಬರುವುದನ್ನು ಕಂಡೆ. ಮರುದಿನ ನಾನೇ ಕಾಫಿ ತರಿಸಿಕೊಟ್ಟೆ.

"ಆ ಡಾಕ್ಟ್ರಮ್ಮ ಭಾನ್ವಾರ ಇರ್ತಾರಾ ಸ್ವಾಮಿ?" ಎಂದ, ಲೋಟದೊಳಗೆ ನೋಡುತ್ತಾ. "ನೀವೂ ಬನ್ನಿ. ನಿಮ್ ಸಾಕ್ಸಿಗೆ ನಾನ್ ಬಂದಿರ್ನಿಲ್ವಾ?"

ಹೋದೆ. ದೋಸೆ ಅವನ ಲೆಕ್ಕ. ಟೀವಿಯಲ್ಲಿ ಬಂದ ಬೆನ್ನನ್ನು ನೋಡಿ, ಇದು ಯಾರದೆಂದು ನಾನು ಹೇಳಲಾರೆ, ಈತನ ಮುಂಭಾಗವನ್ನು ಮಾತ್ರ ಬಲ್ಲೆ, ಆದರೆ ಆ ಕತ್ತು ತಿರುಗಿರುವ ದಿಕ್ಕನ್ನು ಎಲ್ಲಿ ಬೇಕಾದರೂ ಗುರುತಿಸುತ್ತೇನೆ ಎಂದು ಹೇಳಿಕೆ ಕೊಟ್ಟೆ. ಡಾಕ್ಟರಮ್ಮ ಕತ್ತನ್ನು ಅತ್ತಿತ್ತ ಆಡಿಸಿ ನೋಡಿದರು. ಕೊನೆಗೆ ನನಗೆ ಹೇಳಿದ್ದನ್ನೇ ಅವನಿಗೂ ಹೇಳಿದರು.

"ಕೂತ್ಕೊಳೋ ಕಡೆ ಎದುರಿಗೆ ಒಂದು ಕನ್ನಡಿ ಹಾಕ್ಕೊಳಿ."

ಜಗಲಿಯಲ್ಲಿ ಅವನ ಎದುರಿಗೆ ಇರುವುದು ಒಂದೇ, ನಾನು. ಅವನು ಮೆಲ್ಲಗೆ, ಇಡೀ ಮೈಯನ್ನು ತಿರುಗಿಸಿಕೊಂಡು, ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗ ನೋಡುವವನಂತೆ ನನ್ನ ಬೆನ್ನ ಕಡೆ ನೋಡಿದ. ನಾನು ಬೆಂಚನ್ನು ಹಿಂದಕ್ಕೆ ಸರಿಸಿ ಗೋಡೆಗೆ ಒರಗಿ ಕೂತೆ.